ಕೆರೆಗೊಡಗೆ: ಕೆರೆಯ ಪಾಲನೆಯೂ ಭೂಮಿಯ ಒಡೆತನವೂ

ಕರ್ಣಾಟಕದ ಶಾಸನಗಳಲ್ಲಿ ಮರಳಿ ಮರಳಿ ಬರುವ ವಿಷಯಗಳಲ್ಲಿ ಕೆರೆಯೂ ಒಂದೆಂಬುದು ವಿದ್ವಾಂಸರಿಗೆ ವಿದಿತವಾದುದೇ. ಕದಂಬ ಕಾಕುಸ್ಥವರ್ಮನು ತಾಳಗುಂದದ ಪ್ರಣವೇಶ್ವರನ ಸನ್ನಿಧಿಯಲ್ಲಿ ತಟಾಕವನ್ನು ಕಟ್ಟಿಸಿದ ಸಂಗತಿಯನ್ನು ಕುಬ್ಜ ಕವಿಯು ಅಲ್ಲಿಯ ಸ್ತಂಭದ ಮೇಲೆ ಪ್ರೌಢ ಸಂಸ್ಕೃತದಲ್ಲಿ ಬಣ್ಣಿಸಿದ್ದಾನೆ. ಹಂಪೆಯ ಲಕ್ಷ್ಮೀಧರಾಮಾತ್ಯನ ಶಾಸನದಲ್ಲಿ, ತಾಯಿ ಮಗುವಿಗೆ ಹಾಲೂಡುವಾಗ ಹೇಳಿದ ಬುದ್ಧಿಮಾತುಗಳ ಮೊದಲಿನಲ್ಲಿಯೇ ಕೆರೆ ಬರುತ್ತದೆ. ನಮ್ಮ ಅಧ್ಯಾಪಕರು ಆ ಪದ್ಯವನ್ನು ತರಗತಿಯಲ್ಲಿ ಪಾಠ ಹೇಳದೆ ಬಿಡುವುದಿಲ್ಲ. ಸಪ್ತಸಂತಾನಗಳಲ್ಲಿ ತಟಾಕವೂ ಒಂದೆಂದು ಎಣಿಸಿದ ಮೇಲೆ ಕವಿಗಳು ಅದನ್ನು ಕಟ್ಟಿಸಿದವನನ್ನು ಹೊಗಳಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಕೆರೆಯು ಗುಡಿಯಂತೆ ಒಮ್ಮೆ ಕಟ್ಟಿ ಮುಗಿಸುವ ವಸ್ತುವಲ್ಲ. ಮಳೆ ಬಂದಾಗಲೆಲ್ಲ ನೀರಿನೊಡನೆ ಮಣ್ಣೂ ಬರುವುದು. ಅಂಗಳದಲ್ಲಿ ಹೂಳು ಏರುವುದು. ಏರಿಯಲ್ಲಿ ಇಲಿ ಏಡಿಗಳು ಬಿಲ ತೋಡುವುವು. ಮರ ಬೆಳೆದು ಬೇರು ಬಿಟ್ಟು, ಅದು ಸತ್ತ ಮೇಲೆ ಆ ಬೇರಿನ ಜಾಡಿನಲ್ಲಿಯೇ ನೀರು ಜಿನುಗಲು ಮೊದಲಾಗುವುದು. ಹೀಗಿರುವಲ್ಲಿ ಐದುನೂರು, ಸಾವಿರ ವರ್ಷಗಳ ಕೆರೆಗಳು ನಮ್ಮ ಕಾಲದವರೆಗೂ ಉಳಿದು ಬಂದುದು ಹೇಗೆ? ಅವುಗಳನ್ನು ಕಾಪಾಡಿದವರು ಯಾರು, ಯಾವ ಲಾಭಕ್ಕಾಗಿ ಕಾಪಾಡಿದರು? ಪ್ರಕೃತ ಲೇಖನದ ವಿಚಾರವು ಇದು.

ಇದಕ್ಕೆ ಉತ್ತರವು ಪ್ರಶಸ್ತಿಶ್ಲೋಕಗಳಲ್ಲಿ ದೊರೆಯುವುದಿಲ್ಲ. ಅವುಗಳ ಕೆಳಗೆ ನೀರಸವಾದ ಗದ್ಯದಲ್ಲಿ ಬರುವ ದಾನದ ವಿವರಗಳಲ್ಲಿ ದೊರೆಯುತ್ತದೆ. ರೈಸ್ ಸಾಹೇಬರು ಸಂಪಾದಿಸಿದ ಎಪಿಗ್ರಾಫಿಯಾ ಕರ್ಣಾಟಿಕದ ಸಂಪುಟಗಳನ್ನು ತಿರುವಿದವರಿಗೆ ಬಿತ್ತುವಟ್ಟ, ಕೊಡಗೆ, ಕಟ್ಟುಕೊಡಗೆ, ಕೆರೆಗೊಡಗೆ, ದಶವಂದ ಎಂಬ ಮಾತುಗಳು ಅಪರಿಚಿತವಲ್ಲ. ಇವುಗಳಲ್ಲಿ ಬಿತ್ತುವಟ್ಟವು ಹಳೆಯದು. ಗಂಗರ ಕಾಲದ ಶಾಸನಗಳಲ್ಲಿಯೇ ಬರುತ್ತದೆ. ಪೂರ್ವಪದವಾದ ‘ಬಿತ್ತು’ ಬೀಜವೆಂಬುದು ಸ್ಪಷ್ಟ. ಇಷ್ಟು ಖಂಡುಗ, ಇಷ್ಟು ಕೊಳಗ ಬಿತ್ತನೆಯ ನೆಲವೆಂದು ಗದ್ದೆಯನ್ನು ಬೀಜದಿಂದಲೇ ಅಳೆಯುತ್ತಿದ್ದ ದೇಶದಲ್ಲಿ ಈ ಹೆಸರು ಸಹಜವೇ. ಕೆರೆಯ ಕೆಳಗಣ ಭೂಮಿಯಲ್ಲಿ ಇಷ್ಟು ಭಾಗವನ್ನು ಕೆರೆಗೆಂದೇ ಬಿಡುವುದು ಇದರ ತಾತ್ಪರ್ಯ. ಕಟ್ಟುಕೊಡಗೆಯು ಕೆರೆಯನ್ನು ಕಟ್ಟಿದವನಿಗೆ, ಇಲ್ಲವೆ ಕೆಟ್ಟುದನ್ನು ನೆಟ್ಟಗೆ ಮಾಡಿ ಇರಿಸಿಕೊಂಡವನಿಗೆ ತೆರಿಗೆಯಿಲ್ಲದೆಯೋ ಅಲ್ಪ ತೆರಿಗೆಗೋ ಬಿಟ್ಟ ಭೂಮಿ. ದಶವಂದವೂ ಅದೇ ಜಾತಿಯದು. ಹತ್ತನೆಯ ಪಾಲೆಂಬ ಅರ್ಥವು ಹೆಸರಿನಲ್ಲಿಯೇ ಇದೆ. ಈ ಮಾತುಗಳಿಗೆ ಕೋಶಕಾರರು ಕೊಡುವ ಅರ್ಥಗಳು ಒಂದರೊಡನೊಂದು ಪೂರ್ಣವಾಗಿ ಹೊಂದುವುದಿಲ್ಲ. ಕಾಲಭೇದದಿಂದಲೂ ಸೀಮೆಯ ಭೇದದಿಂದಲೂ ವಾಡಿಕೆಯು ಬದಲಾಗಿದ್ದಿರಬೇಕು; ಎಲ್ಲವನ್ನೂ ಒಂದೇ ಅಚ್ಚಿಗೆ ಒತ್ತುವುದು ಯುಕ್ತವಲ್ಲ.

ಕೆಲವು ದಾನಗಳಲ್ಲಿ ಕೆರೆಯ ಬಂಡಿಗೆಂದು ಭೂಮಿ ಬಿಟ್ಟಿದ್ದಾರೆ. ಹೂಳನ್ನೂ ಏರಿಯ ಮಣ್ಣನ್ನೂ ಹೊರುವ ಬಂಡಿ, ಅದನ್ನು ಎಳೆಯುವ ಕೋಣಗಳು, ನಡೆಸುವ ಆಳು, ಇವುಗಳಿಗೆ ಪ್ರತಿವರ್ಷವೂ ತಗಲುವ ವೆಚ್ಚವನ್ನು ಈ ಭೂಮಿಯ ಹುಟ್ಟುವಳಿಯಿಂದ ತೆಗೆಯಬೇಕೆಂಬುದು ಏರ್ಪಾಟು. ಕಾವ್ಯದೃಷ್ಟಿಯಿಂದ ಇಂಥ ಶಾಸನಗಳಿಗೆ ಬೆಲೆಯಿಲ್ಲ. ನಾನಾದರೋ ಇವುಗಳನ್ನು ತಾಳಗುಂದದ ಶ್ಲೋಕಗಳಷ್ಟೇ ಆದರದಿಂದ ಓದುತ್ತೇನೆ. ಕೆರೆಗೆ ಬೇಕಾದುದು ಒಮ್ಮೆ ಸುರಿಯುವ ಹೊನ್ನಲ್ಲ, ನಿತ್ಯವೂ ತಿರುಗುವ ಗಾಲಿಯೆಂದು ಆ ದಾತೃಗಳು ಅರಿತಿದ್ದರು.

ಶಾಸ್ತ್ರಕಾರರೂ ಇದನ್ನು ಬಲ್ಲವರೇ. ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ತಾಳೆಯೋಲೆಯ ಪ್ರತಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರದ ಧರ್ಮಸ್ಥೀಯವೆಂಬ ಮೂರನೆಯ ಅಧಿಕರಣದಲ್ಲಿ ಸೇತುಬಂಧಗಳ ವಿಷಯವಾಗಿ ಕೆಲವು ಸೂತ್ರಗಳಿವೆ. ಹೊಸದಾಗಿ ಕೆರೆ ಕಟ್ಟಿದವನಿಗೆ ಐದು ವರ್ಷ ತೆರಿಗೆಯ ವಿನಾಯಿತಿ. ಒಡೆದು ಬಿಟ್ಟುದನ್ನು ಸರಿಪಡಿಸಿದವನಿಗೆ ನಾಲ್ಕು ವರ್ಷ. ಗಿಡಗಂಟಿ ಬೆಳೆದುದನ್ನು ತೆಗೆಸಿದವನಿಗೆ ಮೂರು ವರ್ಷ. ಆಪತ್ತಿನ ಕಾರಣವಿಲ್ಲದೆ ಐದು ವರ್ಷ ಉಪಯೋಗಿಸದೆ ಬಿಟ್ಟವನ ಸ್ವಾಮ್ಯವು ಹೋಗತಕ್ಕದ್ದು. ಗುತ್ತಿಗೆಯಿಂದಲೋ ಪಾಲಿನಿಂದಲೋ ಕೆರೆಯನ್ನು ಅನುಭವಿಸುವವರು ದುರಸ್ತಿ ಮಾಡದಿದ್ದರೆ ಉಂಟಾದ ನಷ್ಟದ ಎರಡರಷ್ಟು ದಂಡ. ಮೇಲಣ ಕೆರೆಯು ಕೆಳಗಣ ಕೆರೆ ತುಂಬುವುದನ್ನು ತಡೆಯಕೂಡದು. ಕೆಳಗಣದು ಮೂರು ವರ್ಷ ಕೆಲಸವಿಲ್ಲದೆ ನಿಂತಿದ್ದರೆ ಮಾತ್ರ ಈ ನಿರ್ಬಂಧವಿಲ್ಲ. ಸರದಿ ತಪ್ಪಿ ತೂಬಿನಿಂದ ನೀರು ಬಿಟ್ಟವನಿಗೆ ಆರು ಪಣ ದಂಡ. ಇಲ್ಲಿ ಒಡೆತನವೆಂಬುದು ಪತ್ರದಿಂದ ಮಾತ್ರ ನಿಲ್ಲುವ ವಸ್ತುವಲ್ಲವೆಂಬುದನ್ನು ಗಮನಿಸಬೇಕು. ಪಾಲನೆಯು ತಪ್ಪಿದರೆ ಒಡೆತನವೂ ತಪ್ಪುವುದು. ಕೆರೆಯನ್ನು ಒಡೆದವನಿಗೆ ಮನುವು ನೀರಿನಲ್ಲಿ ಮುಳುಗಿಸಿ ಕೊಲ್ಲುವ ಶಿಕ್ಷೆಯನ್ನು ವಿಧಿಸಿದುದು ಎಲ್ಲರಿಗೂ ತಿಳಿದಿದೆ. ಅವನು ಅದನ್ನು ಮರಳಿ ಕಟ್ಟಿಕೊಟ್ಟರೆ ಉತ್ತಮಸಾಹಸ ದಂಡವು ಸಾಕೆಂದು ಅಲ್ಲಿಯೇ ಹೇಳಿರುವುದನ್ನು ಅಷ್ಟಾಗಿ ಯಾರೂ ಎತ್ತಿಹೇಳುವುದಿಲ್ಲ.

ಇನ್ನು ಪೋರುಮಾಮಿಳ್ಳದ ಶಾಸನ. ಇದು ಈಗಿನ ಆಂಧ್ರದ ಕಡಪೆಯ ಸೀಮೆಯದಾದರೂ ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರ ಭವದೂರನದಾದುದರಿಂದ ನಮಗೆ ದೂರದ್ದಲ್ಲ. 1369ರಲ್ಲಿ ಹುಟ್ಟಿದ ಈ ಸಂಸ್ಕೃತಶಾಸನವು, ಸಾವಿರ ಆಳು, ನೂರು ಬಂಡಿಗಳು ಎರಡು ವರ್ಷ ದುಡಿದು ಆ ಕೆರೆಯು ಮುಗಿಯಿತೆಂದು ಹೇಳಿ, ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಧರ್ಮಿಷ್ಠನಾದ ರಾಜ, ಜಲಶಾಸ್ತ್ರಜ್ಞನಾದ ಬ್ರಾಹ್ಮಣ, ಗಟ್ಟಿ ಜೇಡಿಯ ನೆಲ, ಸಿಹಿನೀರಿನ ಹೊಳೆ, ಕೆರೆಗೆ ತಗುಲಿದ ಬೆಟ್ಟ, ಅದರ ನಡುವೆ ಅತಿ ಉದ್ದವಲ್ಲದ ಗಟ್ಟಿ ಕಲ್ಲುಕಟ್ಟೆ, ನುರಿತ ಕೆಲಸಗಾರರ ಗುಂಪು ಮುಂತಾದುವು ಅಂಗಗಳು. ದೋಷಗಳಾದರೋ ಕಟ್ಟೆಯಲ್ಲಿ ನೀರು ಒಸರುವುದು, ಚೌಳುನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಅಂಗಳದ ನಡುವೆ ಆಮೆಯ ಬೆನ್ನಿನಂಥ ದಿಣ್ಣೆ, ನೀರು ಕಡಮೆಯಾಗಿ ನೆಲ ಹೆಚ್ಚಾಗಿರುವುದು, ನೆಲ ಕಡಮೆಯಾಗಿ ನೀರು ಹೆಚ್ಚಾಗಿರುವುದು. ಇವುಗಳಲ್ಲಿ ಮೂರನೆಯದು ಮಣ್ಣಿನ ದೋಷವೂ ಅಲ್ಲ, ನೀರಿನ ದೋಷವೂ ಅಲ್ಲ, ಮನುಷ್ಯರದು. ಇಬ್ಬರು ಒಡೆಯರ ನಡುವೆ ಬಿದ್ದ ಕೆರೆಯನ್ನು ಇಬ್ಬರೂ ನೋಡಿಕೊಳ್ಳುವುದಿಲ್ಲವೆಂಬ ಅನುಭವವೇ ಇಲ್ಲಿ ಲಕ್ಷಣರೂಪವನ್ನು ತಾಳಿದೆ.

ಊರಿನ ವ್ಯವಹಾರದಲ್ಲಿ ಇದೆಲ್ಲವೂ ನಡೆಯುತ್ತಿದ್ದ ಬಗೆಯನ್ನು ಸ್ವಲ್ಪ ನೋಡೋಣ. ಅಚ್ಚುಕಟ್ಟಿನ ರೈತರು ಬೇಸಗೆಯಲ್ಲಿ ಅಂಗಳದ ಗೋಡುಮಣ್ಣನ್ನು ತೋಡಿ ತಮ್ಮ ಹೊಲಗದ್ದೆಗಳಿಗೆ ಹೊಡೆದುಕೊಳ್ಳುತ್ತಿದ್ದರು. ಅದು ಗದ್ದೆಗೆ ಗೊಬ್ಬರ, ಕೆರೆಗೆ ಆಳ. ಒಂದು ಕೆಲಸದಿಂದ ಎರಡು ಪ್ರಯೋಜನ. ತೂಬನ್ನು ಎತ್ತುವುದು, ಇಳಿಸುವುದು, ಸರದಿಯಂತೆ ಗದ್ದೆಗದ್ದೆಗೆ ನೀರು ಹಾಯಿಸುವುದು, ಮಳೆಯ ರಾತ್ರಿಯಲ್ಲಿ ಏರಿಯ ಮೇಲೆ ತಿರುಗಿ ನೋಡುವುದು ನೀರುಗಂಟಿಯ ಕೆಲಸ. ಹನ್ನೆರಡು ಮಂದಿ ಆಯಗಾರರಲ್ಲಿ ಒಬ್ಬನಾದ ಇವನಿಗೆ ಕಣದಲ್ಲಿ ಆಯವು ಸಲ್ಲುತ್ತಿತ್ತು. ನೀರನ್ನು ಹಂಚುವವನಿಗೆ ಸ್ವಂತ ಗದ್ದೆಯ ಸ್ವಾರ್ಥವು ಕಡಮೆಯಿದ್ದರೆ ಹಂಚಿಕೆಯು ನೆಟ್ಟಗಿರುವುದೆಂದು ಈ ಏರ್ಪಾಟನ್ನು ಹೊಗಳುವವರುಂಟು. ಬಹುಕಡೆಗಳಲ್ಲಿ ಈ ಕೆಲಸವು ಅಸ್ಪೃಶ್ಯರೆಂದು ದೂರವಿರಿಸಲ್ಪಟ್ಟ ಜನರ ಮೇಲೆ ವಂಶಪಾರಂಪರ್ಯವಾಗಿ ಬಿದ್ದಿತ್ತೆಂಬುದನ್ನು ಅವರು ಮರೆಯಬಾರದು. ಊರಿಗೆಲ್ಲ ನೀರು ಹಾಯಿಸಿದವನಿಗೆ ಊರ ಬಾವಿಯ ನೀರು ದೊರೆಯದಿದ್ದುದು ಆ ವ್ಯವಸ್ಥೆಯ ಕಳಂಕವೇ ಸರಿ.

ಜಗಳಗಳೂ ಇದ್ದುವು. ಎಲ್ಲಕ್ಕಿಂತ ಕಠಿನವಾದುದು ಕೋಡಿಯ ಜಗಳ. ಏರಿಯ ಕೆಳಗಿನ ಗದ್ದೆಯವನಿಗೆ ಕೋಡಿಯು ಒಂದು ಮೊಳ ಎತ್ತರವಾದರೆ ಲಾಭ. ಅವನು ಕೋಡಿಯ ಮೇಲೆ ಕಲ್ಲು ಮಣ್ಣು ಪೇರಿಸುವನು. ಮೇಲ್ದಂಡೆಯಲ್ಲಿ ಅಂಗಳಕ್ಕೆ ಹತ್ತಿದ ಹೊಲದವನಿಗೆ ಅದೇ ನೀರು ಬೆಳೆಯನ್ನು ಮುಳುಗಿಸುವುದು. ಅವನು ರಾತ್ರಿ ಬಂದು ಅದನ್ನು ಕೆಡಹುವನು. ಒಂದೇ ಕೆರೆಯ ದಡದಲ್ಲಿದ್ದ ಮಾತ್ರಕ್ಕೆ ಭೂಸ್ವಾಮಿಗಳೆಲ್ಲರ ಹಿತವೂ ಒಂದೇ ಆಗುವುದಿಲ್ಲ. ನೀರಿನ ಬಳಕೆಯಿಂದ ಇನ್ನೊಬ್ಬನ ಉತ್ತು ಬಿತ್ತಿದ ಭೂಮಿಗೆ ಹಾನಿಯಾದರೆ ಹಾನಿಗೆ ತಕ್ಕ ಬೆಲೆ ತೆರಬೇಕೆಂದು ಕೌಟಿಲ್ಯನು ಹೇಳಿದುದು ಇಂಥ ವಿವಾದಗಳನ್ನು ಕಂಡೇ ಇರಬೇಕು.

ಈ ಏರ್ಪಾಟು ಎಷ್ಟು ವಿಸ್ತಾರವಾಗಿತ್ತೆಂಬುದಕ್ಕೆ ಮೈಸೂರು ಸೀಮೆಯ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿಯವರು 1866ರಲ್ಲಿ ಬರೆದುದೇ ಸಾಕ್ಷಿ. ಹೊಸ ಕೆರೆಯೊಂದಕ್ಕೆ ಸ್ಥಳ ಹುಡುಕಬೇಕಾದರೆ ಬಹು ಜಾಣ್ಮೆ ಬೇಕಾಗುವಷ್ಟು ಮಟ್ಟಿಗೆ ನೆಲವೆಲ್ಲ ಕೆರೆಗಳಿಂದ ತುಂಬಿದೆಯೆಂದು ಅವರ ಅಭಿಪ್ರಾಯ. ಅವರ ಹೆಸರಿನ ಕೆರೆಯೇ ಮುಂದೆ ಬೆಂಗಳೂರಿನಲ್ಲಿ ಆದುದು ವಿನೋದವಾಗಿದೆ. ಆದರೆ ಕಮಿಷನರುಗಳ ಆಳಿಕೆಯ ಆ ಕಾಲದಲ್ಲಿಯೇ ಕೆರೆಯ ದುರಸ್ತಿಯು ಸರಕಾರದ ಮರಾಮತ್ತು ಇಲಾಖೆಯ ಕೈಗೆ ಸರಿಯತೊಡಗಿತು. ಇನಾಮುಗಳ ಪರಿಶೋಧನೆಯಲ್ಲಿ ಕೊಡಗೆಯ ಭೂಮಿಯು ಮೊದಲಿಗೆ ಕಂದಾಯದ ಪ್ರಶ್ನೆಯಾಯಿತು, ಕೆರೆಯ ಪ್ರಶ್ನೆಯಾಗಲಿಲ್ಲ. ರೈತನನ್ನು ಮತ್ತೆ ಹೊಣೆಗಾರನನ್ನಾಗಿಸಲು ಮೈಸೂರು ಸರಕಾರವು 1911ರಲ್ಲಿ ಕೆರೆ ಪಂಚಾಯತಿಗಳ ಕಾನೂನನ್ನು ಮಾಡಿತು. ಕೊಡಗೆಯ ಲಾಭವಿಲ್ಲದೆ ಕೊಡಗೆಯ ಕೆಲಸವನ್ನು ಮಾತ್ರ ಕೇಳಿದಂತಾದುದರಿಂದ ಅದು ಬೇರು ಬಿಡಲಿಲ್ಲವೆಂದು ನನಗೆ ತೋರುತ್ತದೆ. 1961ರ ಶಾಸನದಿಂದ ಗ್ರಾಮದ ವಂಶಪಾರಂಪರ್ಯ ಹುದ್ದೆಗಳೆಲ್ಲ ರದ್ದಾದಾಗ ನೀರುಗಂಟಿಯ ಹುದ್ದೆಯೂ ಹೋಯಿತು. ಬಿಟ್ಟಿಯ ಬಂಧನವು ಹೋದುದು ನ್ಯಾಯ. ತೂಬಿನ ಬಳಿ ನಿಲ್ಲುವವನು ಯಾರೆಂಬುದನ್ನು ಮಾತ್ರ ಯಾರೂ ನಿಶ್ಚಯಿಸಲಿಲ್ಲ. ಆ ಬಳಿಕ ಬಂದ ಕೊಳವೆಬಾವಿಯು ಉಳಿದ ಕಟ್ಟನ್ನೂ ಬಿಚ್ಚಿತು. ತನ್ನ ಹೊಲದಲ್ಲಿಯೇ ನೀರು ಬರುವಾಗ ಏರಿಯ ಬಿಲವನ್ನು ಮುಚ್ಚಲು ಯಾರು ಹೋಗುವರು? ಆ ಬಾವಿಗೆ ನೀರನ್ನು ಇಳಿಸುವುದೂ ಕೆರೆಯೇ ಎಂಬುದು ಕಣ್ಣಿಗೆ ಕಾಣುವುದಿಲ್ಲ.

2002ರಿಂದ ಹತ್ತು ವರ್ಷಗಳ ಕಾಲ ವಿಶ್ವಬ್ಯಾಂಕಿನ ಸಾಲದಿಂದ ಜಲಸಂವರ್ಧನ ಯೋಜನಾ ಸಂಘವು ನಡೆಸಿದ ಕೆಲಸದಲ್ಲಿ ಊರೂರಿಗೆ ಕೆರೆ ಬಳಕೆದಾರರ ಸಂಘಗಳು ಹುಟ್ಟಿದುವು. ಹಳೆಯ ಕಟ್ಟನ್ನು ಹೊಸ ಹಗ್ಗದಿಂದ ಕಟ್ಟುವ ಯತ್ನವಿದು. ನಗರದ ಸ್ಥಿತಿ ಬೇರೆ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿದ ಸುದ್ದಿಯನ್ನು ಎಲ್ಲರೂ ಓದಿದ್ದಾರೆ. ಅಲ್ಲಿ ಅಚ್ಚುಕಟ್ಟೆಂಬುದು ಮನೆಗಳ ಅಡಿಯಲ್ಲಿ ಹೋಗಿದೆ. ದಡದ ಭೂಮಿಯ ಬೆಲೆಯು ಕೋಟಿಗಟ್ಟಲೆಯಾದರೂ ತೂಬಿನ ನೀರಿಗೂ ಆ ಬೆಲೆಗೂ ಸಂಬಂಧವಿಲ್ಲ. ಕೆರೆ ಹೂತರೆ ದಡದವನಿಗೆ ನಷ್ಟವಿಲ್ಲ, ಒತ್ತಿದಷ್ಟೂ ನೆಲ ಬರುವುದು. ಮೇಲಾಗಿ ನಗರದ ಕೆರೆಗಳು ಬಹುಕಾಲ ಪಾಲಿಕೆ, ಅಭಿವೃದ್ಧಿ ಪ್ರಾಧಿಕಾರ, ಅರಣ್ಯ ಇಲಾಖೆ ಮೊದಲಾದ ಹಲವು ಒಡೆಯರಲ್ಲಿ ಹಂಚಿಹೋಗಿದ್ದುವು. ಪೋರುಮಾಮಿಳ್ಳದ ಮೂರನೆಯ ದೋಷವು ಇದೇ ಅಲ್ಲವೆ?

ಹೀಗಿದ್ದರೂ ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿಯ ಕೆರೆಯನ್ನು ಸುತ್ತಲಿನ ನಿವಾಸಿಗಳು ಅಂದಿನ ಮಹಾನಗರ ಪಾಲಿಕೆಯೊಡನೆ ಸೇರಿ ಜೀರ್ಣೋದ್ಧಾರ ಮಾಡಿಸಿ ಕಾದುಕೊಂಡು ಬಂದುದು ಗಮನಾರ್ಹ. ಅವರಿಗೆ ಗದ್ದೆಯಿಲ್ಲ, ಸರದಿಯಿಲ್ಲ. ದಡದಲ್ಲಿ ನಡೆದಾಡುವುದು, ಹಕ್ಕಿಗಳನ್ನು ನೋಡುವುದು, ಬಾವಿಯ ನೀರು ಇಳಿಯದಿರುವುದು, ಇವೇ ಅವರ ಬಿತ್ತುವಟ್ಟ. ಇಷ್ಟರಿಂದ ಮುಂದಿನ ತಲೆಮಾರಿನವರೆಗೂ ಹೂಳು ತೆಗೆಯುವ ಬಂಡಿ ತಿರುಗುವುದೋ, ಅಥವಾ ದಡದ ಆಸ್ತಿಯ ತೆರಿಗೆಯಲ್ಲಿಯೇ ಒಂದು ಪಾಲನ್ನು ದಶವಂದದಂತೆ ಆಯಾ ಕೆರೆಗೆ ಮೀಸಲಿಡಬೇಕೋ ಎಂಬುದನ್ನು ಕಾನೂನು ಬಲ್ಲವರು ವಿಚಾರಿಸಬೇಕು. ನಾನು ಎರಡನೆಯ ಪಕ್ಷದವನು.

ಕಡೆಯಲ್ಲಿ ವಾಚಕರಲ್ಲಿ ಒಂದು ವಿಜ್ಞಾಪನೆ. ಈಚೆಗೆ ಹೂಳೆತ್ತುವ ಕೆಲಸವು ಯಂತ್ರಗಳಿಂದ ನಡೆಯುತ್ತಿರುವುದರಿಂದ ತೂಬಿನ ಕಂಬ, ಕೋಡಿಯ ಬಂಡೆ, ಏರಿಯ ಬಳಿ ನೆಟ್ಟ ಕಲ್ಲುಗಳು ಉರುಳಿ ಮಣ್ಣಿನಲ್ಲಿ ಸೇರುವ ಭಯವಿದೆ. ಹಳ್ಳಿಗಳಲ್ಲಿ ಕೆಲಸ ಮಾಡುವ ಅಧ್ಯಾಪಕರು ಅಂಥ ಕಲ್ಲುಗಳ ಮೇಲೆ ಅಕ್ಷರಗಳಿದ್ದರೆ ಕೆಲಸ ಮೊದಲಾಗುವ ಮುನ್ನವೇ ಅಚ್ಚು ತೆಗೆದು, ಕಲ್ಲಿದ್ದ ಸ್ಥಳವನ್ನೂ ಗುರುತಿಸಿ, ಈ ಪತ್ರಿಕೆಗೆ ಕಳುಹಿಸಿಕೊಡಬೇಕೆಂದು ಬೇಡುತ್ತೇನೆ.