ಯಾವುದು ಮನ್ಯಾಗ, ಯಾವುದು ಅಂಗಡ್ಯಾಗ: ನಮ್ಮ ಅಡಿಗಿಮನಿ ರಿಪೇರಿ ಇತಿಹಾಸ

ಮನ್ಯಾಗ ಒಂದು ಸಾಮಾನು ಕೆಟ್ಟು ಕೂತ್ರ ನಮ್ಮ ಬಾಯಾಗ ಬರೂ ಮೊದಲನೇ ಮಾತು ಒಂದ: ಇದನ್ನ ಮನ್ಯಾಗ ನೋಡೂಣೊ, ಅಂಗಡಿಗೆ ಒಯ್ಯೂಣೊ? ಈ ಪ್ರಶ್ನೆ ಇವತ್ತಿಂದಲ್ಲ. ನಮ್ಮ ಅವ್ವ, ಅಜ್ಜಿ ಕಾಲದಾಗೂ ಇತ್ತು. ಅದಕ್ಕ ಅವರ ಕಡೆ ಒಂದು ಲೆಕ್ಕನೂ ಇತ್ತು. ಆ ಲೆಕ್ಕ ಎಲ್ಲಿಂದ ಬಂತು, ಈಗ ಯಾಕ ತಪ್ಪಲಿಕ್ಕೆ ಹತ್ತೇದ ಅಂತ ಇವತ್ತ ಬರೀತೀನಿ.

ಕರೆಂಟ್ ಇಲ್ಲದ ಕಾಲದಿಂದನ ಸುರು ಮಾಡೂಣು. ಆಗ ಮನಿ ತುಂಬ ತಾಮ್ರ, ಹಿತ್ತಾಳಿ ಪಾತ್ರೆ. ಅವಕ್ಕ ಒಳಗ ಕಲಾಯಿ ಬೇಕು. ಕಲಾಯಿ ಹೋದ ಪಾತ್ರ್ಯಾಗ ಹುಣಸಿಹುಳಿ, ಮಜ್ಜಿಗಿ ಇಟ್ರ ಕಿಲುಬು ಬಿಡ್ತದ, ಉಂಡವರಿಗೆ ಹೊಟ್ಟಿ ತೊಳಸ್ತದ. ಪಾತ್ರೆ ತಿಕ್ಕೂವಾಗ ಬೆಳಕಿಗೆ ಹಿಡದು, ಎಲ್ಲೆ ಕೆಂಪು ಕಾಣ್ತದ ಅಂತ ನೋಡೂದು ಮನಿ ಹೆಣಮಕ್ಕಳ ಕೆಲಸ. ಕಲಾಯಿ ಹಾಕೂದು ಕಲಾಯಿಗಾರನ ಕೆಲಸ. ಅಂವ ಓಣಿಗೇ ಬಂದು, ನೆಲಾ ಕೆದರಿ ಕುಲುಮಿ ಹೂಡಿ, ತಿದಿ ಒತ್ತಿ ಪಾತ್ರೆ ಕಾಯಿಸ್ತಿದ್ದ. ನವಸಾಗರದ ಪುಡಿ ಉದುರಿಸಿ, ತವರ ಮುಟ್ಟಿಸಿ, ಅರಿವಿಲೆ ಒಂದು ಸುತ್ತು ತಿಕ್ಕಿದ್ರ ಬೆಳ್ಳಿ ಹಂಗ ಹೊಳೀತಿತ್ತು. ತವರ ಕರಗಲಿಕ್ಕೆ ಬೇಕಾಗೂದು 232 ಡಿಗ್ರಿ ಶಾಖ ಅಷ್ಟ. ಅಷ್ಟು ಶಾಖ ನಮ್ಮ ಒಲ್ಯಾಗೂ ಇತ್ತು. ಆದ್ರ ಆ ಹೊಗಿ, ಆ ಕೈಹದ ಮನಿಯೊಳಗಿನ ಕೆಲಸ ಅಲ್ಲ. ಅಂದ್ರ ಬ್ಯಾನಿ ಗುರುತಿಸೂದು ಮನ್ಯಾಗ, ಬೆಂಕಿ ಕೆಲಸ ಹೊರಗ. ಲೆಕ್ಕದ ಮೊದಲನೇ ಗೆರಿ ಇದು.

ಮುಂದ ಸ್ಟೋ ಬಂತು. 1892ರಾಗ ಸ್ವೀಡನ್ನಿನ ಫ್ರಾನ್ಸ್ ವಿಲ್‌ಹೆಲ್ಮ್ ಲಿಂಡ್‌ಕ್ವಿಸ್ಟ್ ಅನ್ನಾಂವ ಬತ್ತಿ ಇಲ್ಲದ, ಗಾಳಿ ಹೊಡದು ಹಚ್ಚೂ ಚಿಮಣಿ ಎಣ್ಣಿ ಸ್ಟೋ ಮಾಡಿದ. ಪ್ರೈಮಸ್ ಅನ್ನೂ ಹೆಸರು ಆಮ್ಯಾಲೆ ಜಗತ್ತಿಗೆಲ್ಲ ಹಬ್ಬಿತು. ನಮ್ಮ ಕಡೆ ಪಂಪ್ ಸ್ಟೋ ಅಂತಿದ್ರು. ತೂತು ಕಟ್ಟಿದ್ರ ಚುಚ್ಚಲಿಕ್ಕೆ ಒಂದು ಪಿನ್ನು, ಪಂಪಿನೊಳಗ ಒಂದು ಚರ್ಮದ ವಾಶರು. ವಾಶರು ಒಣಗಿದ್ರ ಗಾಳಿ ಹಿಡೀತಿರಲಿಲ್ಲ. ಬಿಚ್ಚಿ, ಎರಡು ಹನಿ ಎಣ್ಣಿ ಹಚ್ಚಿ, ಬಟ್ಟಲೆ ಅರಳಿಸಿ ಹಾಕಿದ್ರ ಮತ್ತ ಬುಸ್ ಅಂತ ಉರೀತಿತ್ತು. ಎಂಟು ವರ್ಷದ ಹುಡುಗಿಗೂ ಈ ವಿದ್ಯಾ ಬರ್ತಿತ್ತು. ಆದ್ರ ಎಣ್ಣಿ ಟಾಕಿ ಸೋರಿದ್ರ ಯಾರೂ ಮನ್ಯಾಗ ಸೋಪು ಮೆತ್ತಿ ಕೂಡ್ತಿರಲಿಲ್ಲ. ಬೆಸಿಗಿ ಹಾಕಾಂವನ ಕಡೆನ ಹೋಗಬೇಕು. ಸ್ಟೋ ಸಿಡದು ಸುಟ್ಟುಕೊಂಡ ಸೊಸಿಯಂದ್ರ ಸುದ್ದಿ ನಾವೆಲ್ಲ ಪೇಪರಿನ್ಯಾಗ ಓದೇವಿ. ಅದ್ರಾಗ ಎಷ್ಟು ಸ್ಟೋವಿನ ತಪ್ಪು, ಎಷ್ಟು ಮನಿ ಮಂದಿ ತಪ್ಪು ಅನ್ನೂದು ಬ್ಯಾರೆ ಮಾತು. ಒತ್ತಡ ಇರೂ ಸಾಮಾನಿನ ಜೋಡಿ ಆಟ ಬ್ಯಾಡ ಅನ್ನೂ ಅಂಜಿಕಿ ಮಾತ್ರ ಅವತ್ತಿಂದ ನಮ್ಮ ಕೈಯಾಗ ಕೂತದ.

ಹೊಲಿಗಿ ಮಷೀನಿನ ಕಥಿನೂ ಹಂಗ. ಸಿಂಗರ್ ಕಂಪನಿ 1850ರ ದಶಕದಾಗನ ಅಮೆರಿಕಾದಾಗ ಕಂತಿನ ಮ್ಯಾಲೆ ಮಷೀನು ಕೊಡಲಿಕ್ಕೆ ಸುರು ಮಾಡಿತ್ತು. ನಮ್ಮ ದೇಶದಾಗ 1930ರ ದಶಕದಾಗ ಕಲ್ಕತ್ತಾದಿಂದ ಉಷಾ ಬಂತು. ಮಷೀನಿನ ಡ್ರಾವರಿನ್ಯಾಗ ಎಣ್ಣಿ ಬುಡ್ಡಿ, ಸಣ್ಣ ಸ್ಕ್ರೂಡ್ರೈವರು, ಬಾಬಿನ್ನು, ಸೂಜಿ ಇಟ್ಟು ಕೊಡ್ತಿದ್ರು. ಸ್ವಲ್ಪ ವಿಚಾರ ಮಾಡ್ರಿ. ಮಾಡಿದ ಕಂಪನಿನ ಹೆಣಮಗಳ ಕೈಯಾಗ ಸ್ಕ್ರೂಡ್ರೈವರ್ ಕೊಟ್ಟಿತ್ತು. ಇದನ್ನ ನೀ ಬಿಚ್ಚಬಹುದು ಅಂತ ಹೇಳಿದಂಗ ಆತು.

ಈಗ ಕುಕ್ಕರಿಗೆ ಬರೂಣು. ಫ್ರಾನ್ಸಿನ ಡೆನಿ ಪಪಾಂ ಅನ್ನಾಂವ 1679ರಾಗ ಲಂಡನ್ನಿನ್ಯಾಗ ಉಗಿಯಿಂದ ಎಲುಬು ಮೆತ್ತಗ ಮಾಡೂ ಪಾತ್ರೆ ತೋರಿಸಿದ. ಸಿಡೀಬಾರದು ಅಂತ ಅದಕ್ಕ ಸೇಫ್ಟಿ ವಾಲ್ವ್ ಇಟ್ಟಾಂವನೂ ಅವನ. ನಮ್ಮ ದೇಶದಾಗ ಹಾಕಿನ್ಸ್ ಮತ್ತ ಬೆಂಗಳೂರಿನ ಪ್ರೆಸ್ಟೀಜ್ ಎರಡೂ 1959ರ ಹೊತ್ತಿನವು. ಕುಕ್ಕರ್ ಬಂದ ಮ್ಯಾಲೆ ಗ್ಯಾಸ್ಕೆಟ್, ಸೀಟಿ, ವಾಲ್ವ್ ಅನ್ನೂ ಮಾತು ಕನ್ನಡದವು ಅನ್ನೂವಂಗ ಆದ್ವು. ಸಂತಿ ದಿನ ಕಾಯಿಪಲ್ಲೆ ಜೋಡಿ ಗ್ಯಾಸ್ಕೆಟ್ಟೂ ಚೀಲದಾಗ ಬರ್ತಿತ್ತು. ವಾಲ್ವಿನ ಗುಟ್ಟು ಎಲ್ಲಾರಿಗೂ ಗೊತ್ತಿರಬೇಕು. ಅದ್ರ ನಡಕ ಶಾಖಕ್ಕ ಬ್ಯಾಗನ ಕರಗೂ ಲೋಹ ಇರ್ತದ. ನೀರು ಬತ್ತಿ ಕುಕ್ಕರ್ ಕಾದ್ರ ಅದು ಕರಗಿ ಉಗಿ ಹೊರಗ ಬಿಡ್ತದ, ಕುಕ್ಕರ್ ಸಿಡಿಯೂದಿಲ್ಲ. ಅದಕ್ಕ ಆ ಜಾಗಾಕ್ಕ ಬೋಲ್ಟು, ಮೊಳಿ ಹಾಕೂ ರಿಪೇರಿ ಮನ್ಯಾಗೂ ಬ್ಯಾಡ, ಅಂಗಡ್ಯಾಗೂ ಬ್ಯಾಡ. ಅದೇ ಕಂಪನಿಯ ವಾಲ್ವನ್ನ ತಂದು ಹಾಕಬೇಕು. ತಳಾ ಉಬ್ಬಿದ್ರ, ಬಾಯಿ ಸೊಟ್ಟ ಆಗಿದ್ರ ಅಂಗಡಿಗೆ ಒಯ್ಯೂದು.

ಮಿಕ್ಸಿ ಹುಟ್ಟಿದ ಕಥಿ ನನಗ ಭಾಳ ಸೇರ್ತದ, ಯಾಕಂದ್ರ ಅದು ರಿಪೇರಿಯಿಂದನ ಹುಟ್ಟಿದ್ದು. 1963ರ ಸುಮಾರಿಗೆ ಮುಂಬೈದಾಗ ಮಾಧುರಿ ಮಾಥುರ್ ಅನ್ನೂ ಗೃಹಿಣಿಯ ಜರ್ಮನಿ ಮಿಕ್ಸಿ ಕೆಟ್ಟಿತು. ಇಲ್ಲೆ ರಿಪೇರಿ ಮಾಡವರು ಯಾರೂ ಇಲ್ಲ. ಯಜಮಾನರು ಸತ್ಯಪ್ರಕಾಶ ಮಾಥುರ್ ಇಂಜಿನಿಯರು. ನಮ್ಮ ಉದ್ದಿನಬ್ಯಾಳಿ, ಅರಿಷಿಣಕೊಂಬು, ಒಣಾ ಮಸಾಲಿ ತಡಕೊಳ್ಳೂ ಮೋಟಾರು ಬ್ಯಾರೆನ ಬೇಕು ಅಂತ ಅವರು ಹೊಸಾದನ್ನ ಮಾಡಿದ್ರು. ಅದು ಸುಮೀತ್. ನಮ್ಮಲ್ಲಿ ಎಷ್ಟೋ ಮಂದಿ ಲಗ್ನದಾಗ ಅದು ಬಂದಿತ್ತು.

ಮಿಕ್ಸಿಗೂ ಅದೇ ಗೆರಿ. ತಿರಗದಿದ್ರ ತಳದ ಕೆಂಪು ಬಟನ್ ಒತ್ತೂದು, ಸವದ ಕಪ್ಲರ್ ಬದಲ ಮಾಡೂದು, ಜಾರಿನ ವಾಶರ್ ಹಾಕೂದು ಮನ್ಯಾಗ. ಒಳಗ ಎರಡು ಕಾರ್ಬನ್ ಬ್ರಶ್ ಇರ್ತಾವ, ಸವದು ಸಣ್ಣ ಆದ್ರ ಕಿಡಿ ಹಾರ್ತಾವ. ಪ್ಲಗ್ ತಗದು ಅವನ್ನೂ ಬದಲ ಮಾಡೂ ಅಕ್ಕಂದಿರನ್ನ ನಾ ನೋಡೇನಿ. ಸುಟ್ಟ ವಾಸನಿ ಬಂದು ಆರ್ಮೇಚರ್ ಹೋತು ಅಂದ್ರ ಮಾತ್ರ ವೈಂಡಿಂಗ್ ಅಂಗಡಿ. ಅಲ್ಲೆ ಅಂವ ಹಳೇ ತಾಮ್ರದ ತಂತಿ ಬಿಚ್ಚಿ, ಸುತ್ತು ಎಣಿಸಿ, ಅಷ್ಟ ದಪ್ಪದ ಹೊಸಾ ತಂತಿ ಅಷ್ಟ ಸುತ್ತು ಸುತ್ತಿ, ವಾರ್ನಿಶ್ ಹಾಕಿ ಒಣಗಿಸ್ತಾನ. ನಿಮಿಷಕ್ಕ ಸಾವಿರಾರು ಸುತ್ತು ತಿರಗೂ ಸಾಮಾನು ಅದು. ಒಂದು ಎಳಿ ಸಡ್ಲ ಆದ್ರೂ ಮತ್ತ ಸುಡ್ತದ. ಆ ಕೈಗೆ ರೊಕ್ಕ ಕೊಡೂದ್ರಾಗ ಚೌಕಾಶಿ ಮಾಡಬಾರದು.

ಮೈಕ್ರೋವೇವ್ ಮಾತ್ರ ಮನ್ಯಾಗ ಎಂದೂ ಬಿಚ್ಚಬ್ಯಾಡ್ರಿ. ಪ್ಲಗ್ ತಗದ ಮ್ಯಾಲೂ ಅದ್ರ ಕಪಾಸಿಟರಿನ್ಯಾಗ ಸುಮಾರು 2,000 ವೋಲ್ಟ್ ಕರೆಂಟು ನಿಂತಿರಬಹುದು. ಜೀವ ತಗೊಳ್ಳಲಿಕ್ಕೆ ಅದು ಸಾಕು.

ಹಂಗಾದ್ರ ಮನಿ ರಿಪೇರಿಗೂ ಅಂಗಡಿ ರಿಪೇರಿಗೂ ಜಗಳ ಎಂದೂ ಇರಲಿಲ್ಲ. ಸವಿಯೂ ವಸ್ತು ನಮ್ಮದು, ಸುಡೂ, ಸಿಡಿಯೂ ವಸ್ತು ಅವರದು. ವಾಶರ್, ಗ್ಯಾಸ್ಕೆಟ್, ಪಿನ್ನು ಪ್ಯಾಟ್ಯಾಗ ಸಿಗೂತನ ಎರಡೂ ನಡದ್ವು. ಈಗ ಕೆಟ್ಟದ್ದು ಆ ಸಿಗೂದ. ಹೊಸಾ ಸಾಮಾನಿನ ತಳಕ್ಕ ಮೂರು ಮೂಲಿ ಸ್ಕ್ರೂ, ನಮ್ಮ ಸ್ಕ್ರೂಡ್ರೈವರಿಗೆ ಕೂಡೂದಿಲ್ಲ. ಕೆಲವಕ್ಕ ಸ್ಕ್ರೂನ ಇಲ್ಲ, ಅಂಟು ಹಾಕಿ ಮುಚ್ಚಿರ್ತಾರ. ನಮ್ಮ ಮನಿ ಇಂಡಕ್ಷನ್ ಒಲಿ ಕೆಟ್ಟಾಗ ಹುಬ್ಬಳ್ಳಿ ಅಂಗಡಿಯವರು, "ಬೋರ್ಡ್ ಹೋಗೇದರಿ ಬಾಯಾರ, ಈ ಮಾಡೆಲಿಂದು ಈಗ ಬರೂದಿಲ್ಲ" ಅಂದ್ರು. ಅವರಿಗೂ ಕೈ ಕಟ್ಟೇದ. ಮನಿಯೂ ಸೋತಿತು, ಅಂಗಡಿಯೂ ಸೋತಿತು.

ಯುರೋಪಿನ್ಯಾಗ ಇದಕ್ಕ ಕಾಯ್ದೆ ಮಾಡ್ಯಾರ. 2021ರ ಮಾರ್ಚದಿಂದ ಅಲ್ಲೆ ವಾಷಿಂಗ್ ಮಷೀನ್ ಮಾರೂ ಕಂಪನಿ ಕನಿಷ್ಠ 10 ವರ್ಷ ಬಿಡಿಭಾಗ ಕೊಡಲೇಬೇಕು. ಅದ್ರಾಗ ಎರಡು ಪಟ್ಟಿ ಮಾಡ್ಯಾರ. ಬಾಗಲದ ರಬ್ಬರು, ಸೋಪಿನ ಖಾನೆ ಮನಿಯವರಿಗೂ ಕೊಡಬೇಕು. ಮೋಟಾರು, ಪಂಪು, ಬೋರ್ಡು ರಿಪೇರಿ ಬಲ್ಲವರಿಗೆ ಕೊಡಬೇಕು. ಓದಿದಾಗ ನನಗ ನಗಿ ಬಂತು. ನಮ್ಮ ಅವ್ವಂದ್ರು ಯಾವ ಕಾಗದದಾಗೂ ಬರೀದ ಹಾಕಿದ ಗೆರೀನ ಅಲ್ಲೆ ಕಾಯ್ದೆ ಆಗೇದ.

ನಮ್ಮ ದೇಶದಾಗ 2022ರ ಜುಲೈದಾಗ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಸಲುವಾಗಿ ಸಮಿತಿ ಮಾಡಿತು. ಅದೇ ವರ್ಷ ಡಿಸೆಂಬರ್ 24ಕ್ಕ ಒಂದು ಪೋರ್ಟಲ್ಲೂ ಬಂತು. ಅದು ಮಾಹಿತಿ ಕೊಡೂ ಜಾಗಾ, ಕಾಯ್ದೆ ಅಲ್ಲ. ಬೆಂಗಳೂರಿನ್ಯಾಗ 2015ರಿಂದ ರಿಪೇರಿ ಕೆಫೆ ಅಂತ ನಡಸ್ತಾರ, ಕೆಟ್ಟ ಸಾಮಾನು ಒಯ್ದು ಬಲ್ಲವರ ಬಾಜೂಕ ಕೂತು ಸರಿ ಮಾಡಿಕೊಳ್ಳೂದು. ಅದ್ರ ಮೂಲ 2009ರಾಗ ಆಮ್‌ಸ್ಟರ್‌ಡ್ಯಾಮಿನ್ಯಾಗ.

ಕಾಯ್ದೆ ಬರೂತನ ನಮ್ಮ ಕೈಯಾಗ ಇರೂದು ಕೊಳ್ಳೂ ಹೊತ್ತಿನ ಮಾತು. ಈ ದೀಪಾವಳಿಗೆ ಮಿಕ್ಸಿನೋ ಕುಕ್ಕರೋ ಕೊಳ್ಳವರು ಅಂಗಡ್ಯಾಗ ಬಣ್ಣ ನೋಡೂಕಿಂತ ಮೊದಲ ಮೂರು ಕೇಳ್ರಿ. ಇದ್ರ ವಾಶರ್, ಕಪ್ಲರ್ ಬಿಡಿಯಾಗಿ ಸಿಗ್ತಾವೇನು? ತಳಾ ಸಾದಾ ಸ್ಕ್ರೂಡ್ರೈವರಿಗೆ ಬಿಚ್ತದೇನು? ಮೋಟಾರ್ ಸುಟ್ರ ಊರಾಗ ಸುತ್ತವರು ಅದಾರೇನು? ಅಂಗಡಿಯಾಂವ ತಡವರಿಸಿದ್ರ ಬಾಜೂ ಅಂಗಡಿಗೆ ನಡೀರಿ. ಮನಿಗೆ ತಂದ ಮ್ಯಾಲೆ ಸೊಸಿನ್ನ, ಮಗನ್ನ ಇಬ್ಬರನ್ನೂ ಬಾಜೂಕ ಕೂಡಿಸ್ಕೊಂಡು, ಯಾವುದು ಮನ್ಯಾಗ, ಯಾವುದು ಅಂಗಡ್ಯಾಗ ಅಂತ ತೋರಿಸ್ರಿ.