ಗೆಣಸಿನ ಪಲ್ಯಕ್ಕೂ ಒಂದು ಚರಿತ್ರೆ ಇದೆ

ಸಂಕ್ರಾಂತಿಗೆ ಇನ್ನೂ ಹತ್ತು ದಿನ ಇದೆ, ಆಗಲೇ ನಮ್ಮ ಹಲಸೂರು ಬಜಾರ್ ರಸ್ತೆಯಲ್ಲಿ ಅವರೆಕಾಯಿ ಸೊಗಡು ಶುರುವಾಗಿದೆ. ಕಬ್ಬಿನ ಜಲ್ಲೆ ಗೋಡೆಗೆ ಒರಗಿಸಿದ್ದಾರೆ, ಹಸಿ ಕಡ್ಲೆಕಾಯಿ ರಾಶಿ ಹಾಕಿದ್ದಾರೆ, ಪಕ್ಕದಲ್ಲೇ ಗೋಣಿಚೀಲದ ಮೇಲೆ ಮಣ್ಣು ಮೆತ್ತಿಕೊಂಡಿರೋ ಕೆಂಪು ಗೆಣಸು. ಮೊನ್ನೆ ವೈಟ್‌ಫೀಲ್ಡಿನಿಂದ ನಮ್ಮಕ್ಕನ ಮಗಳು ಫೋನ್ ಮಾಡಿದ್ದಳು. "ಚಿಕ್ಕಮ್ಮ, ಹೋದ ವರ್ಷ ನಾನು ಮಾಡಿದ ಗೆಣಸಿನ ಪಲ್ಯ ಮುದ್ದೆ ಆಗ್ಹೋಯ್ತು. ನೀವು ಮಾಡೋದು ಹೇಗೆ ಅಂತ ಬರೆದು ಹಾಕಿ" ಅಂದಳು. ಬರೆಯೋಣ ಅಂತ ಕೂತೆ. ಪಲ್ಯಕ್ಕಿಂತ ಮೊದಲು ಬೇರೆ ಎಲ್ಲ ನೆನಪಾಯ್ತು. ಅದನ್ನೂ ಹೇಳಿಬಿಡ್ತೀನಿ, ಪಲ್ಯ ಆಮೇಲೆ.

ನಾನು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಮೊದಲನೇ ಸಂಕ್ರಾಂತಿ 1991ರದ್ದು. ಸಿಹಿ ಪೊಂಗಲ್, ಖಾರ ಪೊಂಗಲ್, ಅವರೆಕಾಳು ಸಾರು, ಕೋಸಂಬರಿ ಎಲ್ಲ ನಮ್ಮತ್ತೆ ಮಾಡ್ತಿದ್ರು. "ಒಂದು ಪಲ್ಯ ನೀನು ಮಾಡಮ್ಮ" ಅಂದ್ರು. ನಾನು ನಮ್ಮಜ್ಜಿ ಮಾಡ್ತಿದ್ದ ಹಾಗೆ ಗೆಣಸು ಅವರೆಕಾಳು ಹಾಕಿ ಪಲ್ಯ ಮಾಡಿದೆ. ಎಲೆಗೆ ಬಡಿಸೋಕೆ ಹೋದಾಗ ಊಟಕ್ಕೆ ಬಂದಿದ್ದ ದೊಡ್ಡವರೊಬ್ಬರು, "ಗೆಣಸು ಬೇಯಿಸಿ ತಟ್ಟೇಲಿ ಇಡೋದು ಕಣಮ್ಮ, ಹಬ್ಬದ ಎಲೆಗೆ ಪಲ್ಯ ಅಂತ ಯಾರಾದ್ರೂ ಬಡಿಸ್ತಾರಾ? ಇದು ಇಲ್ಲದೋರ ಮನೆ ಊಟ. ಆಲೂಗಡ್ಡೆ ಸಿಗ್ಲಿಲ್ವಾ?" ಅಂದ್ರು. ಮಿಕ್ಕವರು ನಕ್ಕರು. ಪಾತ್ರೆ ಹಾಗೇ ಅಡಿಗೆಮನೆಗೆ ವಾಪಸ್ ಬಂತು. ರಾತ್ರಿ ಎಲ್ಲರೂ ಮಲಗಿದ ಮೇಲೆ ನಮ್ಮತ್ತೆ ಬಂದು, ಅದೇ ಪಲ್ಯ ತಟ್ಟೆಗೆ ಹಾಕಿಕೊಂಡು, ಏನೂ ಮಾತಾಡದೆ ಎರಡು ಸಲ ತಿಂದ್ರು. ನನಗೆ ಅಷ್ಟೇ ಸಮಾಧಾನ.

ಆಮೇಲೆ ತುಂಬಾ ವರ್ಷ ನಾನು ಗೆಣಸನ್ನ ಹಬ್ಬದ ಎಲೆಗೆ ತರಲೇ ಇಲ್ಲ. ಆಲೂಗಡ್ಡೆ ಪಲ್ಯನೇ ಮಾಡ್ತಿದ್ದೆ. ಮಕ್ಕಳು ಕಾಲೇಜಿಗೆ ಹೋದ ಮೇಲೆ ಓದೋಕೆ ಪುರುಸೊತ್ತು ಸಿಕ್ತಲ್ಲ, ಆಗ ಗೊತ್ತಾಯ್ತು, ಆಲೂಗಡ್ಡೆ, ಗೆಣಸು ಎರಡೂ ಒಂದೇ ಕಡೆಯಿಂದ ಬಂದವು! ಎರಡೂ ಅಮೆರಿಕ ಖಂಡದ್ದು. 1492ರಲ್ಲಿ ಕೊಲಂಬಸ್ ಆ ಕಡೆ ಹೋಗೋವರೆಗೂ ನಮ್ಮ ದೇಶದಲ್ಲಿ ಈ ಸಿಹಿ ಗೆಣಸು ಇರಲಿಲ್ಲ. ಪೋರ್ಚುಗೀಸರು ಹಡಗಿನಲ್ಲಿ ತಂದ ಮೆಣಸಿನಕಾಯಿ, ಗೋಡಂಬಿ, ಪರಂಗಿಹಣ್ಣಿನ ಜೊತೆ ಇದೂ ನಮ್ಮ ಕರಾವಳಿಗೆ ಬಂತು. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್ ಮಲಬಾರಿನ ಗಿಡಗಳ ಬಗ್ಗೆ 1678ರಿಂದ 1693ರವರೆಗೆ 12 ಸಂಪುಟ ಹೊರಗೆ ತಂದ. 'ಹೊರ್ತುಸ್ ಮಲಬಾರಿಕುಸ್' ಅಂತ ಅದರ ಹೆಸರು. ಅದರಲ್ಲಿ ಸಿಹಿ ಗೆಣಸಿನ ಚಿತ್ರ 'ಕಪ್ಪ ಕೆಲೆಂಗು' ಅನ್ನೋ ಹೆಸರಲ್ಲಿ ಇದೆ. ಅಂದ್ರೆ ಅಷ್ಟು ಹೊತ್ತಿಗೆ ಅದು ನಮ್ಮ ಕಡೆ ಬೇರು ಬಿಟ್ಟಿತ್ತು. ಇನ್ನೊಂದು ತಮಾಷೆ ಏನಂದ್ರೆ, ಇಂಗ್ಲಿಷಿನ 'ಪೊಟೇಟೊ' ಅನ್ನೋ ಪದ ಮೊದಲು ಗೆಣಸಿಗೇ ಇದ್ದಿದ್ದು. 'ಬಟಾಟ' ಅನ್ನೋದು ಕೆರಿಬಿಯನ್ ದ್ವೀಪದ ಜನ ಗೆಣಸಿಗೆ ಕರೀತಿದ್ದ ಹೆಸರು. ಆಲೂಗಡ್ಡೆ ಆಮೇಲೆ ಬಂದು ಆ ಹೆಸರನ್ನ ತೊಗೊಂಡುಬಿಡ್ತು.

ಆದರೆ ನಮ್ಮಲ್ಲಿ ಗೆಣಸಿಗೆ ಹೊಸ ಹೆಸರೇ ಬೇಕಾಗಲಿಲ್ಲ. ಗೆಣಸು ಅನ್ನೋ ಮಾತು ಮೊದಲೇ ಇತ್ತು. ಕಾಡುಗೆಣಸು, ಮುಳ್ಳುಗೆಣಸು, ಹೆಗ್ಗೆಣಸು ಅಂತ ನೆಲದೊಳಗಿನ ಗೆಡ್ಡೆಗಳನ್ನ ನಮ್ಮೋರು ಎಷ್ಟೋ ಕಾಲದಿಂದ ತಿಂತಾ ಇದ್ರು. ಕೊಡಗಿನಲ್ಲಿ ಪುತ್ತರಿ ಹಬ್ಬಕ್ಕೆ ಈಗಲೂ ಬೇಯಿಸೋದು ಆ ಹಳೇ ಜಾತಿಯ ಬಳ್ಳಿಗೆಣಸನ್ನೇ. ಉತ್ತರ ಕನ್ನಡದ ಜೋಯಿಡಾದಲ್ಲಿ ಕುಣಬಿ ಜನ ಗೆಡ್ಡೆ ಮೇಳ ಮಾಡಿ ಅಂಥವನ್ನೆಲ್ಲ ರಾಶಿ ಹಾಕ್ತಾರೆ. ಹೊರಗಿಂದ ಬಂದ ಈ ಸಿಹಿ ಗೆಡ್ಡೆ, ಮನೆಗೆ ಬಂದ ಸೊಸೆ ಹಾಗೆ, ಹಳೇ ಹೆಸರನ್ನ ಹಾಕಿಕೊಂಡು ಒಳಗೆ ಬಂದುಬಿಡ್ತು. ಅದಕ್ಕೇ ನಮ್ಮತ್ತೆ ತಿಥಿ ದಿನ "ಆಲೂಗಡ್ಡೆ ಬೇಡ, ಅದು ಸೀಮೆದು. ಗೆಣಸಾದ್ರೆ ಆಗುತ್ತೆ, ಅದು ನಮ್ಮದು" ಅಂತಿದ್ರು.

ನಮ್ಮ ಕಂಟೋನ್ಮೆಂಟ್ ಕಡೆ ಒಂದೇ ಬೀದಿಯಲ್ಲಿ ಇದಕ್ಕೆ ನಾಲ್ಕು ಹೆಸರು ಕೇಳ್ತೀವಿ. ನಮ್ಮ ಎದುರುಮನೆ ತಮಿಳಮ್ಮ 'ಸಕ್ಕರೆವಳ್ಳಿ ಕಿಳಂಗು' ಅಂತಾರೆ, ಪೊಂಗಲ್ ದಿನ ಏಳು ತರಕಾರಿ ಕೂಟಿಗೆ ಅದು ಇರಲೇಬೇಕು. ಶಿವಾಜಿನಗರದಲ್ಲಿ ಕೇಳಿದ್ರೆ 'ಶಕರ್‌ಕಂದ್'. ತೆಲುಗಿನವರು 'ಚಿಲಗಡ ದುಂಪ'. ಅವರ ಕಿಳಂಗು, ನಮ್ಮ ಗೆಣಸು, ತುಳುವಿನ ಕೆರೆಂಗು ಎಲ್ಲ ಒಂದೇ ಬೇರಿನ ಮಾತುಗಳಂತೆ. ಇಷ್ಟು ಭಾಷೆ ಒಂದೇ ಕಡೆ ಸೇರಿದ್ದು ದಂಡಿನಿಂದ. 1799ರಲ್ಲಿ ಟಿಪ್ಪು ಸುಲ್ತಾನ್ ತೀರಿಕೊಂಡ ಮೇಲೆ ಬ್ರಿಟಿಷರು ಶ್ರೀರಂಗಪಟ್ಟಣದಲ್ಲಿ ಸೈನ್ಯ ಇಟ್ಟಿದ್ರು. ಅಲ್ಲಿ ಸೊಳ್ಳೆ, ಜ್ವರ ಜಾಸ್ತಿ ಆಗಿ 1809ರಲ್ಲಿ ಹಲಸೂರಿನ ಹತ್ರ ದಂಡು ಹೂಡಿದ್ರು. ಸೈನ್ಯದ ಹಿಂದೆ ಮದರಾಸು ಕಡೆಯಿಂದ ವ್ಯಾಪಾರದವರು, ಗಾರೆಯವರು, ಅಡಿಗೆಯವರು ಎಲ್ಲ ಬಂದರು. 1881ರಲ್ಲಿ ಮೈಸೂರು ಸೀಮೆ ಮಹಾರಾಜರಿಗೆ ವಾಪಸ್ ಬಂದಾಗಲೂ ಕಂಟೋನ್ಮೆಂಟ್ ಬ್ರಿಟಿಷರ ಕೈಯಲ್ಲೇ ಉಳೀತು. ಪೇಟೆ, ದಂಡು ಎರಡೂ ಒಂದೇ ಕಾರ್ಪೊರೇಷನ್ ಆಗಿದ್ದು 1949ರಲ್ಲಿ.

ದಂಡಿನ ದೊರೆಗಳಿಗೆ ಆಲೂಗಡ್ಡೆ, ಕೋಸು, ಕ್ಯಾರೆಟ್, ಬೀನ್ಸ್ ಬೇಕಾಗಿತ್ತು. ಸುತ್ತಮುತ್ತಲ ಹಳ್ಳಿಯೋರು ಬೆಳೆದು ತಂದು ಕೊಟ್ಟರು. ಈಗಲೂ ಮಾರ್ಕೆಟ್ಟಿನಲ್ಲಿ ಅವಕ್ಕೆ 'ಇಂಗ್ಲಿಷ್ ತರಕಾರಿ' ಅಂತಾನೇ ಹೆಸರು. 1927ರಲ್ಲಿ ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ ಎದ್ದು ನಿಂತ ಮೇಲೆ ಅವಕ್ಕೆ ಕಟ್ಟೆ ಸಿಕ್ತು, ನೆರಳು ಸಿಕ್ತು. ಗೆಣಸು ಮಾತ್ರ ಬೀದಿಯಲ್ಲಿ ಗೋಣಿಚೀಲದ ಮೇಲೇ. ಆಲೂಗಡ್ಡೆ ದೊರೆಗಳ ತಟ್ಟೆಗೆ ಹೋಗಿ ದೊಡ್ಡದಾಯ್ತು, ಗೆಣಸು ಬಡವರ ಹೊಟ್ಟೆ ತುಂಬಿಸಿ ಚಿಕ್ಕದಾಯ್ತು. ನನಗೆ ಕಂಡಿದ್ದು ಇಷ್ಟೇ.

ಈಗ ಒಂದು ಮಾತು. ಮೂವತ್ತು ವರ್ಷದ ಮೇಲಾಯ್ತು, ಈ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಮ್ಮಜ್ಜಿ ಗೆಣಸು ಮಾರ್ತಿದ್ರು. ಬೇರೆಲ್ಲೂ ಅಲ್ಲ, ಇದೇ ಬಜಾರ್ ರಸ್ತೆಯಲ್ಲಿ.

ನಮ್ಮ ತಾಯಿ ತವರು ದೂಪನಹಳ್ಳಿ. ಈಗ ಇಂದಿರಾನಗರದ ಹೋಟೆಲು, ಅಂಗಡಿ ಸಾಲಿನ ಹಿಂದೆ ಸಂದಿಗೊಂದಿಯಾಗಿ ಉಳಿದಿದೆಯಲ್ಲ, ಅದೇ. ಆಗ ದೂಪನಹಳ್ಳಿ, ಕೋಡಿಹಳ್ಳಿ, ಬಿನ್ನಮಂಗಲ, ಮೋಟಪ್ಪನಪಾಳ್ಯ ಎಲ್ಲ ಬೇರೆ ಬೇರೆ ಹಳ್ಳಿ, ಮಧ್ಯೆ ಹೊಲ. 1940ರಲ್ಲಿ ವಿಮಾನದ ಕಾರ್ಖಾನೆ ಶುರುವಾದ ಮೇಲೆ ಗಂಡಸರು ಕೆಲವರು ಕೂಲಿಗೆ ಆ ಕಡೆ ಹೋದರು, ಹೊಲ ಹೆಂಗಸರ ಕೈಗೆ ಬಂತು. ರಾಗಿ ಮುಖ್ಯ ಬೆಳೆ, ಜೊತೆಗೆ ಅವರೆ, ಹುಚ್ಚೆಳ್ಳು. ಒಂದು ಮೂಲೆಯಲ್ಲಿ ಅಜ್ಜಿಯ ಗೆಣಸು. ಅಜ್ಜಿ ಒಂದು ಮಾತು ಹೇಳ್ತಿದ್ರು: "ಮೇಲಿಂದು ಒಣಗಿದ್ರೂ ಕೆಳಗೆ ಒಂದಿಷ್ಟು ಇರಬೇಕು." ಅದು ಅವರಜ್ಜಿ ಧಾತು ಈಶ್ವರದ ಬರ ಕಂಡು ಹೇಳಿದ ಮಾತಂತೆ. 1876ರಿಂದ 78ರವರೆಗೆ ಬಂದ ಆ ಬರದಲ್ಲಿ ಮೈಸೂರು ಸೀಮೆ ಎಷ್ಟು ನವೆದಿತ್ತು ಅಂದ್ರೆ, 1871ರ ಜನಗಣತಿಯಲ್ಲಿ 50 ಲಕ್ಷ ಇದ್ದ ಜನ 1881ರಲ್ಲಿ 42 ಲಕ್ಷಕ್ಕೆ ಇಳಿದಿದ್ರು.

ಅಜ್ಜಿ ಗೆಣಸಿಗೆ ಬೀಜ ಕೊಂಡಿದ್ದೇ ಇಲ್ಲ. ಮಳೆ ಹದವಾದಾಗ ಬಳ್ಳಿಯನ್ನ ಗೇಣುದ್ದ ಕತ್ತರಿಸಿ, ಮೂರು ನಾಲ್ಕು ಗಿಣ್ಣು ಇರೋ ಹಾಗೆ ನೋಡಿಕೊಂಡು, ಮಣ್ಣು ಏರು ಹಾಕಿ ನೆಡ್ತಿದ್ರು. ಮಧ್ಯೆ ಎರಡು ಸಲ ಬಳ್ಳಿ ಎತ್ತಿ ತಿರುವಿ ಹಾಕಬೇಕು, ಇಲ್ಲದಿದ್ರೆ ಹರಿದ ಕಡೆಯೆಲ್ಲ ಬೇರು ಬಿಟ್ಟು ಗೆಡ್ಡೆ ಸಣ್ಣದಾಗುತ್ತೆ. ನಾಲ್ಕು ತಿಂಗಳಿಗೆ, ಸರಿಯಾಗಿ ಸಂಕ್ರಾಂತಿ ಮುಂದೆ, ಕಿತ್ತು ಬುಟ್ಟಿಗೆ ತುಂಬಿ ತಲೆ ಮೇಲೆ ಹೊತ್ತು ಹಲಸೂರಿಗೆ ನಡೀತಿದ್ರು. ಬಳ್ಳಿ ಹಸುಗೆ. ಪಕ್ಕದ ಹೊಲದೋರು ಕೇಳಿದ್ರೆ ಬಳ್ಳಿ ತುಂಡು ಸುಮ್ಮನೆ ಕೊಡ್ತಿದ್ರು, ಅದಕ್ಕೆ ದುಡ್ಡು ಇಲ್ಲ.

ಗೆಣಸು ದೇಶ ದಾಟಿದ್ದೂ ಹೀಗೇ ಬಳ್ಳಿ ತುಂಡಾಗಿ. 1593ರಲ್ಲಿ ಚೆನ್ ಝೆನ್‌ಲಾಂಗ್ ಅನ್ನೋ ಚೀನಾ ವ್ಯಾಪಾರಿ ಫಿಲಿಪೈನ್ಸಿನಿಂದ ಬಳ್ಳಿಯನ್ನ ಹಡಗಿನ ಹಗ್ಗದ ಜೊತೆ ಸುತ್ತಿ ಬಚ್ಚಿಟ್ಟು ತಂದನಂತೆ. 1605ರಲ್ಲಿ ನೊಗುನಿ ಸೋಕಾನ್ ಅನ್ನೋರು ಚೀನಾದಿಂದ ಒಕಿನಾವಾ ದ್ವೀಪಕ್ಕೆ ತಂದರು. ಅಲ್ಲಿಂದ ಜಪಾನಿಗೆ ಹೋಗಿ, 1732ರ ಬರದಲ್ಲಿ ಗೆಣಸು ಬೆಳೆದ ಸತ್ಸುಮಾ ಸೀಮೆ ಜನ ಉಳಿದುಕೊಂಡ್ರು. ಗೆಣಸು ತಂದವರಿಗೆ ಒಕಿನಾವಾದಲ್ಲಿ ಗುಡಿ ಕಟ್ಟಿ ಪೂಜೆ ಮಾಡ್ತಾರೆ. ನಮ್ಮಲ್ಲಿ ಹೊಲದಿಂದ ಹೊಲಕ್ಕೆ ಬಳ್ಳಿ ದಾಟಿಸಿದ ಕೈಗಳು ನಮ್ಮಜ್ಜಿ ಅಂಥೋರದ್ದು. ಅವರು ಬುಟ್ಟಿ ಇಳಿಸಿದ ಬೀದಿಯಲ್ಲಿ ಸಂಸಾರ ಮಾಡ್ತಾ ನಾನು ಅವರ ಹೆಸರು ಎತ್ತೋಕೆ ನಾಚಿಕೊಂಡೆ.

1970ರ ದಶಕದಲ್ಲಿ ಇಂದಿರಾನಗರ ಬಡಾವಣೆ ಆದಾಗ ಅಜ್ಜಿಯ ಹೊಲ ಸೈಟುಗಳಾಯ್ತು. ನಮ್ಮಮ್ಮ ಒಂದು ಬಳ್ಳಿ ತಂದು ಬಚ್ಚಲ ನೀರು ಹೋಗೋ ಜಾಗದಲ್ಲಿ ಊರಿ ಉಳಿಸಿಕೊಂಡಿದ್ರು. ನನ್ನ ಮದುವೆ ಆದ ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿ ನನಗೂ ಒಂದು ತುಂಡು ಕೊಟ್ಟರು. ಆ ಊಟದ ದಿನದ ಮಾತು ಕೇಳಿದ ಮೇಲೆ ನನಗೆ ಅದನ್ನ ನೆಡೋಕೆ ಮನಸ್ಸಾಗಲಿಲ್ಲ. ಹಿತ್ತಲಲ್ಲಿ ಹಾಗೇ ಒಣಗಿ ಹೋಯ್ತು. ಅಮ್ಮನ ಮನೆ ಕೆಡವಿ ಕಟ್ಟಿಸಿದಾಗ ಅಲ್ಲಿಂದೂ ಹೋಯ್ತು. ಅಜ್ಜಿ ಬಳ್ಳಿ ಈಗ ಎಲ್ಲೂ ಇಲ್ಲ. ಪಲ್ಯ ಒಂದು ಉಳಿದಿದೆ, ಅದನ್ನಾದರೂ ಸರಿಯಾಗಿ ಹೇಳ್ತೀನಿ.

ನಾಲ್ಕು ಜನಕ್ಕೆ ಅರ್ಧ ಕೆಜಿ ಗೆಣಸು, ಒಂದು ಬಟ್ಟಲು ಅವರೆಕಾಳು. ಗೆಣಸು ಸಣ್ಣಗೆ ಉದ್ದಕ್ಕೆ ಇರಲಿ, ತೀರಾ ದಪ್ಪಂದು ಒಳಗೆ ಬೇಯೋ ಹೊತ್ತಿಗೆ ಹೊರಗೆ ಕರಗುತ್ತೆ. ಪಲ್ಯಕ್ಕೆ ಹೊಸದಾಗಿ ಕಿತ್ತಿದ್ದೇ ಒಳ್ಳೇದು. ಕಿತ್ತು ವಾರ ಹತ್ತು ದಿನ ಇಟ್ಟರೆ ಸಿಹಿ ಏರುತ್ತೆ, ಅದು ಸುಟ್ಟು ತಿನ್ನೋಕೆ. ಗೆಣಸಿನ ಹಿಟ್ಟಿನಂಶ 60ರಿಂದ 75 ಡಿಗ್ರಿ ಶಾಖದ ಹತ್ರ ನಿಧಾನವಾಗಿ ಸಕ್ಕರೆಯಾಗುತ್ತೆ. ಒಲೆ ಬೂದಿಯಲ್ಲಿ ಹೂತಿಟ್ಟ ಗೆಣಸು ಅಷ್ಟು ಸಿಹಿ ಯಾಕೆ ಅಂದ್ರೆ ಅದಕ್ಕೇ. ಪಲ್ಯಕ್ಕೆ ಅಷ್ಟು ಸಿಹಿ ಬೇಡ, ಬೇಗ ಬೇಯಬೇಕು. ಚೆನ್ನಾಗಿ ತೊಳೆದು, ಸಿಪ್ಪೆ ಸಮೇತ ಎರಡು ತುಂಡು ಮಾಡಿ, ಇಡ್ಲಿ ಪಾತ್ರೆಯಲ್ಲಿ ನೀರು ಕುದಿ ಬಂದ ಮೇಲೆ ಇಟ್ಟು ಹದಿನೈದು ನಿಮಿಷ ಹಬೆಯಲ್ಲಿ ಬೇಯಿಸಿ. ಕುಕ್ಕರಿನಲ್ಲಿ ನೀರಿಗೆ ಹಾಕಿ ಮೂರು ಕೂಗು ಕೂಗಿಸಿದ್ರೆ ಮುದ್ದೆ ಆಗೋದೇ ಕಣೆ! ಪೂರ್ತಿ ಆರಿದ ಮೇಲೆ ಸಿಪ್ಪೆ ತೆಗೆದು ಹೋಳು ಮಾಡಿ.

ಅವರೆಕಾಳು ಉಪ್ಪು ಹಾಕಿ ಬೇರೆ ಬೇಯಿಸಿ ಬಸಿದಿಡಿ. ಎರಡು ಚಮಚ ಎಣ್ಣೆಗೆ ಸಾಸಿವೆ, ಉದ್ದಿನಬೇಳೆ, ಇಂಗು, ನಾಲ್ಕು ಹಸಿಮೆಣಸಿನಕಾಯಿ, ಕರಿಬೇವು, ಚಿಟಿಕೆ ಅರಿಶಿನ. ಕಾಳು ಹಾಕಿ ಎರಡು ನಿಮಿಷ ಬಾಡಿಸಿ, ಆಮೇಲೆ ಗೆಣಸು, ಉಪ್ಪು. ಸೌಟು ಆಡಿಸಬೇಡಿ, ಬಾಣಲೆ ಹಿಡಿದು ಕುಲುಕಿ. ಇಳಿಸಿ, ಒಂದು ಹಿಡಿ ಕಾಯಿತುರಿ, ಅರ್ಧ ನಿಂಬೆಹಣ್ಣು, ಕೊನೆಗೆ ಹುರಿದು ಪುಡಿ ಮಾಡಿದ ಹುಚ್ಚೆಳ್ಳು ಎರಡು ಚಮಚ. ಈ ಹುಚ್ಚೆಳ್ಳೇ ಅಜ್ಜಿಯ ಕೈಗುಣ. ಗೆಣಸಿನ ಸಿಹಿಗೆ ಅದರ ಒಗರು ಸೇರಿದಾಗ ಹೊಲದ ರುಚಿ ಬರುತ್ತೆ.

ಈ ಸಂಕ್ರಾಂತಿಗೆ ಈ ಪಲ್ಯ ನಮ್ಮ ಮನೇಲಿ ಮೊದಲು ಎಲೆಗೆ ಬೀಳುತ್ತೆ. ಯಾರಾದ್ರೂ ಕೇಳಿದ್ರೆ "ಬಜಾರ್ ರಸ್ತೆಯಲ್ಲಿ ಗೆಣಸು ಮಾರ್ತಿದ್ರಲ್ಲ, ನಮ್ಮಜ್ಜಿ, ಅವರದ್ದು" ಅಂತ ಹೇಳ್ತೀನಿ.

ಹೋದ ವರ್ಷ ಕೆ.ಆರ್.ಪುರದ ಸಂತೆಯಿಂದ ತಂದ ಒಂದು ಗೆಣಸು ಬುಟ್ಟಿಯಲ್ಲೇ ಮೊಳಕೆ ಬಂದಿತ್ತು. ಟೆರೇಸ್ ಮೇಲೆ ಹಳೇ ಬಕೆಟ್ಟಿಗೆ ಮಣ್ಣು ತುಂಬಿ ಊರಿದ್ದೆ, ಈಗ ಕಟಕಟೆ ತುಂಬಾ ಹಬ್ಬಿದೆ. ಅಜ್ಜಿ ಬಳ್ಳಿ ಅಲ್ಲ, ಆದ್ರೂ ಬಳ್ಳಿ. ಎಳ್ಳು ಬೀರೋಕೆ ಬಂದಾಗ ಬೇಕಾದೋರು ಒಂದು ಒದ್ದೆ ಬಟ್ಟೆ ತನ್ನಿ, ಗೇಣುದ್ದ ಕತ್ತರಿಸಿ ಕೊಡ್ತೀನಿ. ಮನೆಗೆ ಹೋದ ತಕ್ಷಣ ನೆಡಿ, ನನ್ನ ಹಾಗೆ ಒಣಗಿಸಬೇಡಿ.