ಬಿಗಿದ ಹಗ್ಗ, ಜೋಲುವ ಹಗ್ಗ

ಇಂಗ್ಲೆಂಡಿನ ಶ್ರೂಸ್‌ಬರಿ ಪಟ್ಟಣದ ಸೇಂಟ್ ಮೇರಿ ಚರ್ಚಿನ ಗೋಡೆಯಲ್ಲಿ ರಾಬರ್ಟ್ ಕ್ಯಾಡ್‌ಮನ್ ಎಂಬವನ ಸ್ಮಾರಕ ಫಲಕವಿದೆ. ಎತ್ತರದ ಗೋಪುರಗಳನ್ನು ಹತ್ತಿ ರಿಪೇರಿ ಮಾಡುವುದು ಅವನ ಕಸುಬು. ಅದರ ಜೊತೆಗೆ ಚರ್ಚಿನ ಶಿಖರದಿಂದ ಸೆವರ್ನ್ ನದಿಯಾಚೆಯ ಹುಲ್ಲುಗಾವಲಿಗೆ ಹಗ್ಗ ಕಟ್ಟಿ, ನಡುವೆ ಕಾಲುವೆ ಕೊರೆದ ಮರದ ಹಲಗೆಯನ್ನು ಎದೆಗೆ ಬಿಗಿದುಕೊಂಡು, ತಲೆ ಮುಂದಾಗಿ ಜಾರಿ ಇಳಿದು ಜನರಿಂದ ಕಾಸು ಕೂಡಿಸುತ್ತಿದ್ದ. 1740ರ ಫೆಬ್ರವರಿ 2ರಂದು (ಅಂದಿನ ಹಳೆಯ ಪಂಚಾಂಗದ ಲೆಕ್ಕದಲ್ಲಿ 1739) ಹಗ್ಗ ಹರಿದು ಸತ್ತ. ಇಂಥ ಸಾವನ್ನು ಹುಂಬತನದ ಲೆಕ್ಕಕ್ಕೆ ಹಾಕುವುದು ಲೋಕರೂಢಿ. ಫಲಕ ಬರೆಸಿದವರು ಮಾತ್ರ ಅವನ ಕೌಶಲಕ್ಕೂ ಧೈರ್ಯಕ್ಕೂ ಕೊರತೆಯಿರಲಿಲ್ಲ, ದೋಷವಿದ್ದ ಹಗ್ಗವನ್ನು ಅತಿಯಾಗಿ ಬಿಗಿದದ್ದೇ ಕಾರಣ ಎಂದು ಸ್ಪಷ್ಟವಾಗಿ ಕೆತ್ತಿಸಿದರು. ಹಗ್ಗಕ್ಕೆ ನೇತಾಡಿ ಜಾರುವ ಜಿಪ್‌ಲೈನಿನ ಚರಿತ್ರೆಯನ್ನು ಸಾಹಸದ ಕಥೆಯಾಗಿ ಹೇಳುವವರು ಈ ಫಲಕವನ್ನು ಸರಿಯಾಗಿ ಓದಿಲ್ಲ. ಜಿಪ್‌ಲೈನಿನ ಚರಿತ್ರೆ ನಿಜವಾಗಿ ಹಗ್ಗವನ್ನು ಎಷ್ಟು ಜೋಲಲು ಬಿಡಬೇಕೆಂದು ಮನುಷ್ಯ ಕಲಿತ ಚರಿತ್ರೆ.

ಲೆಕ್ಕ ಸರಳ. ನೂರು ಮೀಟರ್ ಅಂತರದ ಎರಡು ಕಂಬಗಳ ನಡುವೆ ತಂತಿ ಕಟ್ಟಿ, ಸರಿಮಧ್ಯದಲ್ಲಿ 75 ಕಿಲೋ ತೂಕದ ಒಬ್ಬರು ನೇತಾಡಿದಾಗ ಅದು 5 ಮೀಟರ್ ಜೋತರೆ, ತಂತಿಯ ಮೇಲೆ ಬೀಳುವ ಎಳೆತ ಸುಮಾರು 375 ಕಿಲೋ. ಅದನ್ನೇ ಬಿಗಿದು ಜೋಲು ಒಂದು ಮೀಟರಿಗೆ ಇಳಿಸಿದರೆ ಎಳೆತ 1875 ಕಿಲೋ ಆಗುತ್ತದೆ. ಮನುಷ್ಯ ಅವನೇ, ತೂಕವೂ ಅಷ್ಟೇ, ಎಳೆತ ಮಾತ್ರ ಐದು ಪಟ್ಟು. ಪೂರಾ ನೆಟ್ಟಗಿನ ಹಗ್ಗದ ಮೇಲೆ ಮನುಷ್ಯನಿರಲಿ, ಹಕ್ಕಿ ಕೂತರೂ ಅದು ನೆಟ್ಟಗೆ ಉಳಿಯಲಾರದು. ತಂತಿ ತಡೆದುಕೊಂಡರೂ ಆ ಎಳೆತವೆಲ್ಲ ಕಂಬಕ್ಕೆ, ಕಂಬದ ಬುಡಕ್ಕೆ, ಮರಕ್ಕೆ ಕಟ್ಟಿದ್ದರೆ ಮರದ ಬೇರಿಗೆ ಹೋಗುತ್ತದೆ. ಚಳಿಯಲ್ಲಿ ಉಕ್ಕು ಕುಗ್ಗಿ ತಂತಿ ತಾನಾಗಿಯೇ ಇನ್ನಷ್ಟು ಬಿಗಿಯುವುದೂ ಉಂಟು.

ಕ್ಯಾಡ್‌ಮನ್ ಹಗ್ಗ ಸಡಿಲಿಸಿ ಎಂದು ಸನ್ನೆ ಮಾಡಿದ, ಕೆಳಗಿದ್ದವರು ತಪ್ಪು ತಿಳಿದು ಇನ್ನಷ್ಟು ಬಿಗಿದರು ಎಂಬ ಹೇಳಿಕೆಯಿದೆ. ಹಾಗಿದ್ದರೆ ದೋಷ ಸನ್ನೆಯದ್ದೇ ಹೊರತು ಹಗ್ಗದ್ದಲ್ಲವಲ್ಲ ಎನ್ನಬಹುದು. ಆದರೆ ಒಂದು ಸನ್ನೆ ತಪ್ಪಿದರೆ ಜೀವ ಹೋಗುವಷ್ಟು ಅಂಚಿನಲ್ಲಿ ಕಟ್ಟಿದ ಹಗ್ಗ ಮೊದಲೇ ಕೆಟ್ಟ ಹಗ್ಗ. ಇದಕ್ಕೆ ಹೋಲಿಸಿದರೆ, ನಮ್ಮದೇ ಹಿಮಾಲಯದ ಗಢವಾಲದಲ್ಲಿ ಬೇಡಾ ಸಮುದಾಯದವರು ಒಳ್ಳೆಯ ಬೆಳೆಗಾಗಿ ಬೆಟ್ಟದಿಂದ ಕಣಿವೆಗೆ ಹುಲ್ಲಿನ ಹಗ್ಗ ಕಟ್ಟಿ ಜಾರುವ ಆಚರಣೆ ನಡೆಸುತ್ತಿದ್ದರು. ಕೂರಲು ಮರದ ಜೀನು, ತೋಲ ತಪ್ಪದಂತೆ ಕಾಲಿಗೆ ಮರಳಿನ ಚೀಲ. ಬೇರೆಯವರ ಬೆಳೆಗಾಗಿ ಕೆಳಜಾತಿಯವನ ಜೀವ ಪಣಕ್ಕಿಟ್ಟ ಆಚರಣೆ ಅದು, ಹೊಗಳುವಂಥದ್ದಲ್ಲ. ಆದರೂ ಜಾರುವವನೇ ತನ್ನ ಹಗ್ಗವನ್ನು ಹೊಸೆಯುತ್ತಿದ್ದ, ಅದರ ಗುಣ ಅವನಿಗೇ ಗೊತ್ತಿರುತ್ತಿತ್ತು ಎಂಬುದು ಗಮನಿಸಬೇಕಾದ ಮಾತು.

ಇದೆಲ್ಲ ನಾರಿನ ಹಗ್ಗದ ಕಾಲದ ತೊಂದರೆ, ಉಕ್ಕು ಬಂದ ಮೇಲೆ ಮುಗಿಯಿತು ಎಂಬುದು ಇನ್ನೊಂದು ವಾದ. 1834ರಲ್ಲಿ ಜರ್ಮನಿಯ ಹಾರ್ಟ್ಸ್ ಗಣಿಗಳಲ್ಲಿ ವಿಲ್ಹೆಲ್ಮ್ ಆಲ್ಬರ್ಟ್ ಹೊಸೆಸಿದ ತಂತಿಹಗ್ಗ ಇಲ್ಲದಿದ್ದರೆ, 2018ರಲ್ಲಿ ಅರಬ್ ನಾಡಿನ ಜೆಬೆಲ್ ಜೈಸ್ ಬೆಟ್ಟದಲ್ಲಿ ತೆರೆದ 2.83 ಕಿಲೋಮೀಟರ್ ಜಿಪ್‌ಲೈನ್ ಊಹೆಗೂ ಸಿಗುತ್ತಿರಲಿಲ್ಲ, ನಿಜ. ಆದರೆ ಉಕ್ಕು ಬಲ ಕೊಟ್ಟಿತೇ ವಿನಾ ಲೆಕ್ಕವನ್ನು ಬದಲಿಸಲಿಲ್ಲ. ನಾರಿಗಿಂತ ಉಕ್ಕು ಹಿಗ್ಗುವುದು ಕಡಿಮೆಯಾದ್ದರಿಂದ ಬೇಕಾದ ಜೋಲನ್ನು ಕಟ್ಟುವಾಗಲೇ ಅಳೆದು ಬಿಡಬೇಕು. ಜೋಲು ಹೆಚ್ಚಾದರೆ ಮೋಜು ಕೆಡುತ್ತದೆ, ಹಗುರದವರು ನಡುವೆಯೇ ನಿಂತುಬಿಡುತ್ತಾರೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ಕೊನೆಯಲ್ಲಿ ತಂತಿ ತುಸು ಮೇಲಕ್ಕೇರಿ ವೇಗ ತಗ್ಗಿಸುವುದೂ ಅದೇ ಜೋಲಿನಿಂದ. ಖರ್ಚಿಲ್ಲದ ಬ್ರೇಕು ಅದು. ನಿಂತವರನ್ನು ಎಳೆದು ತರಲು ಒಬ್ಬ ಆಳು ಸಾಕು. ನಿಲ್ಲದೆ ಬಂದು ಕಂಬಕ್ಕೆ ಬಡಿಯುವವರಿಗೆ ಆಳು ಸಾಲದು. ಸುರಕ್ಷತೆಯ ಈ ಕಾಳಜಿ ಕಾಗದಕ್ಕೂ ಇಳಿಯಿತು: ಹಗ್ಗದ ಆಟದಂಗಳಗಳಿಗೆ ಯುರೋಪ್ 2007ರಲ್ಲಿ ಇಎನ್ 15567 ಎಂಬ ಮಾನದಂಡ ರೂಪಿಸಿತು. ಭಾರತದಲ್ಲಿ ಪ್ರವಾಸೋದ್ಯಮ ಸಚಿವಾಲಯದ 2018ರ ಸಾಹಸ ಮಾರ್ಗಸೂಚಿಯಲ್ಲೂ ಜಿಪ್ ವೈರಿನ ಪ್ರಸ್ತಾಪವಿದೆ.

ದಾಂಡೇಲಿಯಲ್ಲೋ ರಾಮನಗರದಲ್ಲೋ ತಂತಿ ಏರುವ ಮುನ್ನ ನಿಮ್ಮ ಮುಂದಿನವರು ಜಾರುವುದನ್ನು ನಿಂತು ನೋಡಿ. ಅವರ ಭಾರಕ್ಕೆ ತಂತಿ ಜೋಲುತ್ತದೆಯೇ, ಆಚೆ ತುದಿಯಲ್ಲಿ ಅವರನ್ನು ನಿಲ್ಲಿಸುವುದು ಯಾವುದು, ಅದು ಕೈಕೊಟ್ಟರೆ ಇನ್ನೊಂದು ಬ್ರೇಕ್ ಇದೆಯೇ ಎಂದು ಕೇಳಿ. ಸರಿಯಾದ ಉತ್ತರ ಬರದಿದ್ದರೆ ಟಿಕೆಟಿನ ಹಣ ಹೋದರೂ ಸರಿ, ಇಳಿದು ಬನ್ನಿ.